ಶೇ 36ಕ್ಕೆ ಒಮ್ಮೆ 104, ಇನ್ನೊಮ್ಮೆ 66: ಚುನಾವಣಾ ಸಮೀಕ್ಷೆಗಳನ್ನು ಎಷ್ಟು ನಂಬಬಹುದು?

ಗಣಿತದ ಮೇಷ್ಟ್ರು, ಸಾಗರ

2018ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ ಶೇ 36ರಷ್ಟು ಮತ ಬಂದಿತ್ತು, ಗೆದ್ದದ್ದು 104 ಕ್ಷೇತ್ರ. 2023ರಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಮತ, ಗೆದ್ದದ್ದು 66. 2018ರಲ್ಲಿ ಕಾಂಗ್ರೆಸ್ ಬಿಜೆಪಿಗಿಂತ ಸುಮಾರು ಎರಡು ಶೇಕಡಾ ಹೆಚ್ಚು ಮತ ಪಡೆದೂ 80ಕ್ಕೆ ನಿಂತಿತು. ಮತಪ್ರಮಾಣ ಕೊಟ್ಟಿದ್ದೇನೆ, ಸ್ಥಾನ ಎಷ್ಟೆಂದು ಹೇಳಿ ಎಂದರೆ ನನ್ನ ಯಾವ ವಿದ್ಯಾರ್ಥಿಯೂ ಹೇಳಲಾರ. ನಾನೂ ಹೇಳಲಾರೆ. ಆದರೆ ಮತದಾನ ಮುಗಿದ ಸಂಜೆ ಟಿ.ವಿ.ಯಲ್ಲಿ ಕುಳಿತವರು ಕ್ಷಣಾರ್ಧದಲ್ಲಿ ಹೇಳುತ್ತಾರೆ.

2023ರ ಮೇ 10ರ ಸಂಜೆಯನ್ನು ನೆನಪಿಸಿಕೊಳ್ಳಿ. ಕೆಲವರು ಅತಂತ್ರ ಎಂದರು, ಕೆಲವರು ಕಾಂಗ್ರೆಸ್‌ಗೆ ಸ್ಪಷ್ಟ ಬಹುಮತ ಎಂದರು. ಮೂರು ದಿನಗಳ ನಂತರ ಕಾಂಗ್ರೆಸ್‌ಗೆ 135 ಬಂದಾಗ ಎರಡನೆಯ ಗುಂಪಿನವರು ಎದೆಯುಬ್ಬಿಸಿದರು. ಇಷ್ಟೊಂದು ಸಮೀಕ್ಷೆಗಳಿದ್ದರೆ ಯಾವುದಾದರೂ ಒಂದು ಸರಿಯಾಗಲೇಬೇಕಲ್ಲವೇ? ಇದರಲ್ಲಿ ವಿಜ್ಞಾನ ಎಷ್ಟು, ಅದೃಷ್ಟ ಎಷ್ಟು ಎಂದು ಬಲ್ಲವರು ತಿಳಿಸಬೇಕು. ಯಾವ ಪಕ್ಷ ಒಳ್ಳೆಯದು ಎಂಬ ಚರ್ಚೆ ನನಗೆ ಬೇಡ, ದಯವಿಟ್ಟು.

ಷೇರುಪೇಟೆಯಲ್ಲಿ ಕೈ ಸುಟ್ಟುಕೊಂಡವನು, ಹುಬ್ಬಳ್ಳಿ

ಮೇಷ್ಟ್ರೇ, ಅದೃಷ್ಟವೂ ಇಲ್ಲ, ವಿಜ್ಞಾನವೂ ಇಲ್ಲ. ವ್ಯಾಪಾರ.

2024ರ ಜೂನ್ 1ರ ಸಂಜೆ ಕೊನೆಯ ಹಂತದ ಮತದಾನ ಮುಗಿಯಿತು. ಸಮೀಕ್ಷಾ ಸಂಸ್ಥೆಗಳಲ್ಲಿ ಆಕ್ಸಿಸ್ ಮೈ ಇಂಡಿಯಾ ಎನ್‌ಡಿಎಗೆ 361ರಿಂದ 401 ಸ್ಥಾನ ಎಂದಿತು, ಟುಡೇಸ್ ಚಾಣಕ್ಯ 400ರ ಆಸುಪಾಸು ಎಂದಿತು. ಸೋಮವಾರ ಸೆನ್ಸೆಕ್ಸ್ ಸುಮಾರು 2,500 ಅಂಶ ಜಿಗಿಯಿತು. ಮಂಗಳವಾರ ಎಣಿಕೆ ನಡೆಯುತ್ತಿದ್ದಂತೆ ಸುಮಾರು 4,400 ಅಂಶ ಬಿತ್ತು. ಎನ್‌ಡಿಎ 293, ಬಿಜೆಪಿಗೆ ಸ್ವಂತವಾಗಿ 240. ಸೋಮವಾರ ಕೊಂಡವರಲ್ಲಿ ನಾನೂ ಒಬ್ಬ. ಸೋಮವಾರ ಮಾರಿದವರು ಯಾರು ಎಂದು ಯಾರಾದರೂ ಹೇಳಿದರೆ ಉಪಕಾರವಾದೀತು. ಜಂಟಿ ಸಂಸದೀಯ ಸಮಿತಿ ತನಿಖೆ ಮಾಡಲಿ ಎಂದು ವಿರೋಧ ಪಕ್ಷ ಕೇಳಿತು, ಅದು ಅಲ್ಲಿಗೇ ನಿಂತಿತು.

ಇನ್ನೊಂದು ಮಾತು. 2014ರ ಲೋಕಸಭಾ ಚುನಾವಣೆಗೆ ಮುಂಚೆ ಸುದ್ದಿವಾಹಿನಿಯೊಂದು ಕುಟುಕು ಕಾರ್ಯಾಚರಣೆ ನಡೆಸಿ, ದುಡ್ಡು ಕೊಟ್ಟರೆ ಅಂಕಿಗಳನ್ನು ಬೇಕಾದಂತೆ ಬಗ್ಗಿಸಲು ಕೆಲವು ಸಮೀಕ್ಷಾ ಸಂಸ್ಥೆಗಳು ಸಿದ್ಧವಿವೆ ಎಂದು ತೋರಿಸಿತ್ತು. ಅದಾದ ಮೇಲೂ ನಾವು ನಂಬಿದೆವು.

ರೆಡಿಂಗ್‌ನಲ್ಲಿರುವ ಕನ್ನಡಿಗ

ಹುಬ್ಬಳ್ಳಿಯವರ ಸಿಟ್ಟು ಅರ್ಥವಾಗುತ್ತದೆ. ಆದರೆ ತಪ್ಪಿದ್ದನ್ನೆಲ್ಲ ಮೋಸ ಎಂದರೆ ನಿಜವಾದ ಮೋಸ ತಪ್ಪಿಸಿಕೊಳ್ಳುತ್ತದೆ. ಅದೇ ಆಕ್ಸಿಸ್ ಸಂಸ್ಥೆ 2019ರಲ್ಲಿ ಎನ್‌ಡಿಎಗೆ 339ರಿಂದ 365 ಎಂದಿತ್ತು. ಫಲಿತಾಂಶ 350 ದಾಟಿತು. 2023ರ ಕರ್ನಾಟಕಕ್ಕೆ 122ರಿಂದ 140 ಎಂದಿತ್ತು, ಅದೂ ಸರಿಯಾಯಿತು. 2024ರಲ್ಲಿ ಅವರು ಮಾತನಾಡಿಸಿದ್ದು 5 ಲಕ್ಷಕ್ಕೂ ಹೆಚ್ಚು ಜನರನ್ನು. ಎಣಿಕೆಯ ದಿನ ಅದರ ಮುಖ್ಯಸ್ಥರು ಟಿ.ವಿ. ಸ್ಟುಡಿಯೊದಲ್ಲಿ ಕಣ್ಣೀರು ಹಾಕಿದ್ದನ್ನು ದೇಶವೇ ನೋಡಿತು. ಮೋಸ ಮಾಡುವವನಿಗೆ ಅಷ್ಟು ಜನರನ್ನು ಕೇಳುವ ಖರ್ಚು ಏಕೆ?

ಮಾದರಿ, ಅಂದರೆ ಪ್ರಶ್ನೆ ಕೇಳಲು ಆರಿಸಿಕೊಂಡ ಜನರ ಗುಂಪು, ದೊಡ್ಡದಾದರೆ ಸಾಕು ಎಂಬ ನಂಬಿಕೆಯೇ ಹಳೆಯ ರೋಗ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದವರು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46ನ್ನು. ಪತ್ರಿಕೆ ವಿಳಾಸ ಹೆಕ್ಕಿದ್ದು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಅವೆರಡೂ ಯಾರ ಮನೆಯಲ್ಲಿದ್ದವು ಎಂದು ಊಹಿಸಿ. ಉತ್ತರ ಬರೆದು ಕಳುಹಿಸುವ ಉತ್ಸಾಹವಿದ್ದವರೂ ಒಂದು ಬಗೆಯ ಜನರೇ. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿ ಇಟ್ಟುಕೊಂಡು ಸಮೀಕ್ಷಕ ಜಾರ್ಜ್ ಗ್ಯಾಲಪ್ ಸರಿಯಾಗಿ ಹೇಳಿದರು.

ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆಯ್ದ ಒಂದು ಸಾವಿರ ಜನರಿದ್ದರೆ ಹೆಚ್ಚು ಕಡಿಮೆ ಮೂರು ಶೇಕಡಾ ಆಚೀಚೆ ಬರುತ್ತದೆ, ಊರು ಎಷ್ಟೇ ದೊಡ್ಡದಿರಲಿ. ಆದರೆ ಆ ಮೂರು ಶೇಕಡಾ ಆಯ್ಕೆ ಯಾದೃಚ್ಛಿಕವಾಗಿದ್ದಾಗ ಮಾತ್ರ. ಬಾಗಿಲು ತೆರೆಯದವರು, ಸುಳ್ಳು ಹೇಳುವವರು, ಇನ್ನೂ ನಿರ್ಧರಿಸದವರು ಅದರ ಲೆಕ್ಕದೊಳಗೆ ಬರುವುದೇ ಇಲ್ಲ. ಟಿ.ವಿ.ಯ ಅಡಿಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ‘ಆಚೀಚೆ’ಯ ಅಂಕಿ ಒಟ್ಟು ತಪ್ಪಿನಲ್ಲಿ ಅತ್ಯಂತ ಸಭ್ಯವಾದ ತುಂಡು ಮಾತ್ರ.

ಗಣಿತದ ಮೇಷ್ಟ್ರು, ಸಾಗರ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತಾರೆ. ಒಂದೇ ಪಾತ್ರೆಯಾದರೆ ಸರಿ. ನಮ್ಮಲ್ಲಿ 224 ಪಾತ್ರೆಗಳು, ಒಂದೊಂದರ ಉರಿಯೂ ಬೇರೆ. ಹತ್ತು ಸಾವಿರ ಜನರನ್ನು ಕೇಳಿದರೂ ಕ್ಷೇತ್ರಕ್ಕೆ 45 ಜನ ಸಿಗುವುದಿಲ್ಲ. 2023ರಲ್ಲಿ ಜಯನಗರದ ಗೆಲುವಿನ ಅಂತರ 16 ಮತ, ಗಾಂಧಿನಗರದಲ್ಲಿ 105, ಶೃಂಗೇರಿಯಲ್ಲಿ 201. ಇವುಗಳನ್ನು ಯಾವ ಸಮೀಕ್ಷೆ ಹಿಡಿದೀತು?

ರೆಡಿಂಗ್‌ನಲ್ಲಿರುವ ಕನ್ನಡಿಗ

ಯಾವುದೂ ಹಿಡಿಯದು, ಹಿಡಿಯುವುದಿಲ್ಲ ಎಂದು ಒಪ್ಪಿಕೊಳ್ಳುವವರೇ ಒಳ್ಳೆಯ ಸಮೀಕ್ಷಕರು. ರಾಜ್ಯ ಮಟ್ಟದ ಮತಪ್ರಮಾಣ ತಿಳಿದುಕೊಂಡು, ಹಿಂದಿನ ಫಲಿತಾಂಶದ ಮೇಲೆ ಆ ಏರಿಳಿತವನ್ನು ಪ್ರದೇಶವಾರು ಹರಡಿ ಸ್ಥಾನ ಅಂದಾಜಿಸುತ್ತಾರೆ. ನಿಮ್ಮ ಶೇ 36ರ ಒಗಟಿಗೆ ಉತ್ತರವೂ ಇಲ್ಲಿಯೇ ಇದೆ. 2023ರಲ್ಲಿ ಬಿಜೆಪಿಯ ಒಟ್ಟು ಮತ ಕುಸಿಯಲಿಲ್ಲ. ಹಳೆ ಮೈಸೂರು ಭಾಗದಲ್ಲಿ, ಬೆಂಗಳೂರಿನಲ್ಲಿ ಅದು ಏರಿತು, ಉಳಿದ ಕಡೆ ಇಳಿಯಿತು. ಹಳೆ ಮೈಸೂರಿನಲ್ಲಿ ಏರಿದ ಮತ ಮೂರನೆಯ ಸ್ಥಾನದಿಂದ ಸ್ವಲ್ಪ ಮೇಲೆ ಬರಲು ಖರ್ಚಾಯಿತು, ಕ್ಷೇತ್ರ ಗೆಲ್ಲಿಸಲಿಲ್ಲ. ಇತ್ತ ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿದಾಗ ಆ ಮತದ ಲಾಭ ಹೆಚ್ಚಾಗಿ ಕಾಂಗ್ರೆಸ್‌ಗೆ ಆಯಿತು.

ಮತಪ್ರಮಾಣವನ್ನು ಸರಿಯಾಗಿ ಹಿಡಿದೂ ಸ್ಥಾನದಲ್ಲಿ ಮುಗ್ಗರಿಸಬಹುದು. ಮತಪ್ರಮಾಣ ತಪ್ಪಿದರೂ ಸ್ಥಾನ ಕಾಕತಾಳೀಯವಾಗಿ ಕೂಡಿಬರಬಹುದು, ಅಂಥವರು ಮರುದಿನ ಜಾಹೀರಾತು ಹಾಕುತ್ತಾರೆ. ಹರಿಯಾಣ 2024 ನೋಡಿ. ಎಕ್ಸಿಟ್ ಪೋಲ್‌ಗಳು (ಮತ ಹಾಕಿ ಬಂದವರನ್ನು ಕೇಳುವ ಸಮೀಕ್ಷೆಗಳು) ಒಂದೇ ದನಿಯಲ್ಲಿ ಕಾಂಗ್ರೆಸ್ ಎಂದವು. ಎರಡು ಪಕ್ಷಗಳ ಮತಪ್ರಮಾಣದ ಅಂತರ ಒಂದು ಶೇಕಡಾಕ್ಕಿಂತ ಕಡಿಮೆ ಇತ್ತು. ಸ್ಥಾನ ಮಾತ್ರ 48–37, ಬಿಜೆಪಿಗೆ.

ಟ್ಯಾಬ್ ಹಿಡಿದು ತಿರುಗಿದವನು

ಇಷ್ಟೆಲ್ಲ ದೊಡ್ಡ ಗಣಿತ ಓದಿ ನಗು ಬಂದಿತು. ಕ್ಷಮಿಸಿ. ಪದವಿ ಮುಗಿಸಿ ಕೆಲಸ ಸಿಗುವವರೆಗೆ ನಾನು ಒಂದು ಸಂಸ್ಥೆಗೆ ಮನೆ ಮನೆಯ ಸಮೀಕ್ಷೆ ಮಾಡಿದ್ದೇನೆ. ಸಂಸ್ಥೆಯ ಹೆಸರು ಬೇಡ. ಒಂದು ಪೂರ್ಣ ಸಂದರ್ಶನಕ್ಕೆ ಇಷ್ಟು ಎಂದು ಲೆಕ್ಕ, ಅರ್ಧಕ್ಕೆ ನಿಂತರೆ ಏನೂ ಇಲ್ಲ. ಪ್ರಶ್ನೆಗಳು ಅರ್ಧ ಗಂಟೆ ಹಿಡಿಯುವಷ್ಟು. ಹತ್ತನೆಯ ಪ್ರಶ್ನೆಯ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕುತ್ತದೆ, ಮಗು ಅಳುತ್ತದೆ, ಯಜಮಾನರು ಒಳಗಿನಿಂದ ಕೂಗುತ್ತಾರೆ. ಉಳಿದದ್ದನ್ನು ಯಾರು ತುಂಬುತ್ತಾರೆ ಎಂದು ಕೇಳಬೇಡಿ.

ಮತದಾರರ ಪಟ್ಟಿಯಿಂದ ಹೆಸರು ಆರಿಸಿ ಕೊಟ್ಟಿದ್ದರೆ ಆ ವ್ಯಕ್ತಿಯನ್ನೇ ಹುಡುಕಬೇಕು. ಅವರು ಕೂಲಿಗೆ ಹೋಗಿರುತ್ತಾರೆ, ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಕೋಟಾ ಪದ್ಧತಿಯಲ್ಲಿ ಇಷ್ಟು ಮಹಿಳೆಯರು, ಇಷ್ಟು ಯುವಕರು ಎಂದಷ್ಟೇ ಇರುತ್ತದೆ. ಆಗ ಬಸ್ ನಿಲ್ದಾಣದ ಹತ್ತಿರ ಪುರುಸೊತ್ತಾಗಿ ಕುಳಿತವರೇ ಸಿಗುತ್ತಾರೆ. ಅಂಥವರು ಯಾವಾಗಲೂ ರಾಜಕೀಯ ಹೆಚ್ಚು ಮಾತನಾಡುವವರೇ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಾವಲುಗಾರ ಗೇಟಿನ ಒಳಗೆ ಬಿಡುವುದಿಲ್ಲ. ಊರಿನಲ್ಲಿ ಊರಿನ ನಡುವಿನ ಓಣಿಯವರು ಕುರ್ಚಿ ಹಾಕಿ ಕೂರಿಸುತ್ತಾರೆ, ಬಿಸಿಲೇರುವುದರೊಳಗೆ ಅಲ್ಲಿಯೇ ಸಂಖ್ಯೆ ತುಂಬುತ್ತದೆ. ಕೊನೆಯ ಕೇರಿಗೆ ಹೋಗುವ ಹೊತ್ತಿಗೆ ಸಂಖ್ಯೆ ಮುಗಿದಿರುತ್ತದೆ. ಈಗ ಟ್ಯಾಬ್‌ನಲ್ಲಿ ಜಿಪಿಎಸ್ ಇದೆ, ಧ್ವನಿಮುದ್ರಣ ಇದೆ, ಮೊದಲಿನಷ್ಟು ಕಳ್ಳತನ ಆಗದು. ಆದರೆ ಯಾವ ಕೇರಿಗೆ ಹೋಗಲಿಲ್ಲ ಎಂಬುದಕ್ಕೆ ಧ್ವನಿಮುದ್ರಣ ಇರುವುದಿಲ್ಲವಲ್ಲ.

ಹಾವೇರಿಯವಳು

ಟ್ಯಾಬ್ ಅಣ್ಣನಿಗೆ ನಾವು ಏನು ಹೇಳುತ್ತೇವೆ ಎಂಬುದನ್ನು ನಾನು ಹೇಳುತ್ತೇನೆ. ಯಾವ ಪಕ್ಷದವರು ಮನೆಗೆ ಬಂದರೂ ಕುಂಕುಮ ಕೊಟ್ಟು “ನಿಮಗೇ ಹಾಕುತ್ತೇವೆ” ಎನ್ನುತ್ತೇವೆ. ಪರಿಚಯವಿಲ್ಲದ ಹುಡುಗನೊಬ್ಬ ಬಂದು ಹೆಸರು, ಜಾತಿ, ವಯಸ್ಸು ಬರೆದುಕೊಂಡು, ಕೊನೆಗೆ ಯಾರಿಗೆ ಮತ ಎಂದು ಕೇಳಿದರೆ, ಅವನೂ ಯಾರೋ ಕಳುಹಿಸಿದವನೇ ಎಂದು ನಮ್ಮ ಲೆಕ್ಕ. ಪಕ್ಕದಲ್ಲಿ ಮಾವ ಕುಳಿತಿದ್ದರೆ ಮಾವನ ಪಕ್ಷವೇ ನಮ್ಮ ಪಕ್ಷ. ಇದು ಸುಳ್ಳಲ್ಲ, ಮನೆ ನಡೆಸುವ ರೀತಿ.

ಇನ್ನೊಂದು ಕಾರಣವೂ ಇದೆ. ನಮ್ಮ ಮತ ಗುಟ್ಟು, ಬೂತಿನ ಮತ ಗುಟ್ಟಲ್ಲ. ಎಣಿಕೆ ಮುಗಿದ ಮೇಲೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬ ಪಟ್ಟಿ ಹೊರಬರುತ್ತದೆ. ನಮ್ಮ ಓಣಿಯವರು ಕೈಕೊಟ್ಟರು ಎಂದು ಮರುದಿನವೇ ಗೊತ್ತಾಗುತ್ತದೆ. ಬೋರ್‌ವೆಲ್ ಮೋಟಾರು ಕೆಟ್ಟಾಗ ಯಾರ ಮನೆ ಬಾಗಿಲಿಗೆ ಹೋಗಬೇಕು? ಅಂಥಲ್ಲಿ ಬಾಯಿ ಬಿಟ್ಟು ಹೇಳುವವರು ಗೆಲ್ಲುವ ಪಕ್ಷದವರು ಮಾತ್ರ.

ರೆಡಿಂಗ್‌ನಲ್ಲಿರುವ ಕನ್ನಡಿಗ

ಹಾವೇರಿಯ ಅಕ್ಕ ಹೇಳಿದ್ದು ಈ ಚರ್ಚೆಯಲ್ಲೇ ಬೆಲೆಬಾಳುವ ಮಾತು. ಬೂತುವಾರು ಲೆಕ್ಕ ಬರುವುದು ನಮೂನೆ 20ರಲ್ಲಿ. ಹಲವು ಯಂತ್ರಗಳ ಮತವನ್ನು ಬೆರೆಸಿ ಎಣಿಸುವ ‘ಟೋಟಲೈಸರ್’ ಬೇಕೆಂದು ಚುನಾವಣಾ ಆಯೋಗ 2008ರಷ್ಟು ಹಿಂದೆಯೇ ಪ್ರಸ್ತಾಪ ಇಟ್ಟಿತ್ತು, ಕಾನೂನು ಆಯೋಗವೂ 2015ರಲ್ಲಿ ಬೆಂಬಲಿಸಿತು. ಬಂದಿಲ್ಲ.

ಇಲ್ಲಿ ಬ್ರಿಟನ್‌ನಲ್ಲಿ ಪೆಟ್ಟಿಗೆಗಳನ್ನು ಬೆರೆಸಿಯೇ ಎಣಿಸುತ್ತಾರೆ, ಮತಗಟ್ಟೆವಾರು ಫಲಿತಾಂಶ ಹೊರಬರುವುದಿಲ್ಲ. ಹಾಗಾಗಿ ಎಕ್ಸಿಟ್ ಪೋಲ್ ಮಾಡುವವರು ಸುಮಾರು 130–140 ಮತಗಟ್ಟೆಗಳನ್ನು ಆರಿಸಿಕೊಂಡು, ಆದಷ್ಟೂ ಕಳೆದ ಬಾರಿ ನಿಂತಲ್ಲಿಯೇ ಈ ಬಾರಿಯೂ ನಿಲ್ಲುತ್ತಾರೆ. ಹೊರಬರುವ ಮತದಾರನ ಕೈಗೆ ಅಣಕು ಮತಪತ್ರ ಕೊಟ್ಟು ಪೆಟ್ಟಿಗೆಗೆ ಹಾಕಿಸುತ್ತಾರೆ. ಬಾಯಿಬಿಟ್ಟು ಹೇಳಬೇಕಾಗಿಲ್ಲ. ಯಾರು ಗೆಲ್ಲುತ್ತಾರೆ ಎಂಬುದಕ್ಕಿಂತ ಕಳೆದ ಸಲಕ್ಕಿಂತ ಏನು ಬದಲಾಗಿದೆ ಎಂಬುದನ್ನು ಅಳೆಯುತ್ತಾರೆ. 2015ರಲ್ಲಿ ವಾರಗಟ್ಟಲೆ ಎಲ್ಲ ಸಮೀಕ್ಷೆಗಳೂ ಸಮಬಲ ಎನ್ನುತ್ತಿದ್ದಾಗ, ಕನ್ಸರ್ವೇಟಿವ್ ಪಕ್ಷ ಬಹಳ ಮುಂದಿದೆ ಎಂದು ಹೇಳಿದ್ದು ಈ ಎಕ್ಸಿಟ್ ಪೋಲ್ ಒಂದೇ. ಲಿಬರಲ್ ಡೆಮಾಕ್ರಾಟ್ ಪಕ್ಷದ ಮಾಜಿ ನಾಯಕ ಪ್ಯಾಡಿ ಆ್ಯಶ್‌ಡೌನ್ ಇದು ನಿಜವಾದರೆ ನನ್ನ ಟೋಪಿ ತಿನ್ನುತ್ತೇನೆ ಎಂದು ಟಿ.ವಿ.ಯಲ್ಲಿ ಹೇಳಿದರು. ಮರುದಿನ ಅವರಿಗೆ ಟೋಪಿಯಾಕಾರದ ಕೇಕ್ ಕೊಟ್ಟರು!

ಉಳಿದ ಸಮೀಕ್ಷೆಗಳು ಏಕೆ ಸೋತವು ಎಂದು ಸಮೀಕ್ಷಾ ಸಂಸ್ಥೆಗಳ ಒಕ್ಕೂಟವೇ ಸ್ವತಂತ್ರ ತನಿಖೆ ಮಾಡಿಸಿತು. ಮುಖ್ಯ ಕಾರಣ ತಮ್ಮ ಪಕ್ಷ ಯಾವುದೆಂದು ಹೇಳಲು ನಾಚುವ ಮತದಾರರಲ್ಲ, ಮಾದರಿಯಲ್ಲಿ ಲೇಬರ್ ಪಕ್ಷದವರು ಹೆಚ್ಚಾಗಿ ಸಿಕ್ಕಿದ್ದು ಎಂದು 2016ರಲ್ಲಿ ವರದಿ ಬಂತು. ಆ ಒಕ್ಕೂಟದ ಸದಸ್ಯರು ಪ್ರಶ್ನೆಯ ಪದಗಳು, ಮಾದರಿ, ಕೋಷ್ಟಕ ಎಲ್ಲವನ್ನೂ ಪ್ರಕಟಿಸಲೇಬೇಕು. ಭಾರತದಲ್ಲಿ ಕಾನೂನು ಕೇಳುವುದು ಸಮಯ ಮಾತ್ರ. ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಸೆಕ್ಷನ್ ಪ್ರಕಾರ ಮೊದಲ ಹಂತದ ಮತದಾನ ಶುರುವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯವರೆಗೆ ಎಕ್ಸಿಟ್ ಪೋಲ್ ಪ್ರಕಟಿಸುವಂತಿಲ್ಲ, ಪ್ರಕಟಿಸಿದರೆ ಎರಡು ವರ್ಷದವರೆಗೆ ಜೈಲು. ಆ ಅರ್ಧ ಗಂಟೆ ಕಳೆದ ಮೇಲೆ ಏನು ಬೇಕಾದರೂ ಹೇಳಬಹುದು, ಹೇಗೆ ತಿಳಿಯಿತು ಎಂದು ಹೇಳಬೇಕಾಗಿಲ್ಲ.

ರಾಜ್ಯಶಾಸ್ತ್ರದ ಉಪನ್ಯಾಸಕಿ, ತುಮಕೂರು

ಎಲ್ಲರೂ “ಯಾರಿಗೆ ಮತ” ಎಂಬ ಒಂದೇ ಪ್ರಶ್ನೆಯ ಸುತ್ತ ಇದ್ದೀರಿ. ಅದು ಸಮೀಕ್ಷೆಯ ಪ್ರಶ್ನೆಗಳಲ್ಲೇ ಸುಲಭವಾದದ್ದು. ಉತ್ತರ ಮತದಾರನಿಗೆ ಗೊತ್ತಿರುತ್ತದೆ, ಫಲಿತಾಂಶ ಬಂದು ಒರೆಗೆ ಹಚ್ಚುತ್ತದೆ. “ಈ ಕಾಯ್ದೆಯನ್ನು ಶೇ 60 ಜನ ಬೆಂಬಲಿಸುತ್ತಾರೆ” ಎಂಬ ಸುದ್ದಿಯನ್ನು ಒರೆಗೆ ಹಚ್ಚಲು ಯಾವ ಎಣಿಕೆಯ ದಿನವೂ ಬರುವುದಿಲ್ಲ.

ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಂಶೋಧಕರು 1970ರ ದಶಕದಲ್ಲಿ ‘1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆ’ಯನ್ನು ರದ್ದು ಮಾಡಬೇಕೇ ಎಂದು ಜನರನ್ನು ಕೇಳಿದರು. ಸುಮಾರು ಮೂರನೆಯ ಒಂದು ಭಾಗದಷ್ಟು ಜನ ಬೇಕು ಅಥವಾ ಬೇಡ ಎಂದು ಉತ್ತರ ಕೊಟ್ಟರು. ಅಂಥ ಕಾಯ್ದೆಯೇ ಇರಲಿಲ್ಲ. 1995ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದೇ ಪ್ರಯೋಗ ಮಾಡಿ, ಕೆಲವರಿಗೆ “ಅಧ್ಯಕ್ಷ ಕ್ಲಿಂಟನ್ ರದ್ದು ಮಾಡಬೇಕೆನ್ನುತ್ತಾರೆ” ಎಂದೂ ಕೆಲವರಿಗೆ “ರಿಪಬ್ಲಿಕನ್ನರು ರದ್ದು ಮಾಡಬೇಕೆನ್ನುತ್ತಾರೆ” ಎಂದೂ ಹೇಳಿತು. ಇಲ್ಲದ ಕಾಯ್ದೆಯ ಮೇಲೆ ಜನ ಪಕ್ಷಾನುಸಾರ ಒಡೆದರು. 2015ರಲ್ಲಿ ಇನ್ನೊಂದು ಸಂಸ್ಥೆ ಅಗ್ರಬಾ ನಗರದ ಮೇಲೆ ಬಾಂಬ್ ಹಾಕಬೇಕೇ ಎಂದು ಕೇಳಿದಾಗ ರಿಪಬ್ಲಿಕನ್ ಮತದಾರರಲ್ಲಿ ಶೇ 30 ಜನ ಹೌದೆಂದರು. ಡೆಮಾಕ್ರಾಟರಲ್ಲಿಯೂ ಶೇ 19. ಅಗ್ರಬಾ ಇರುವುದು ಮಕ್ಕಳ ಕಾರ್ಟೂನ್ ಚಿತ್ರವೊಂದರಲ್ಲಿ.

ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಗುತ್ತಾರೆ. ಸಮೀಕ್ಷೆ ಅಭಿಪ್ರಾಯವನ್ನು ಅಳೆಯುವುದಷ್ಟೇ ಅಲ್ಲ, ಕೆಲವೊಮ್ಮೆ ಅಲ್ಲಿಯೇ ಹುಟ್ಟಿಸುತ್ತದೆ. ವಕ್ಫ್, ಕೃಷಿ ಕಾಯ್ದೆ, ಏಕಕಾಲದ ಚುನಾವಣೆ ಇಂಥವುಗಳ ಬಗ್ಗೆ ಬರುವ ಶೇಕಡಾವಾರುಗಳನ್ನು ಓದುವಾಗ ನಾನು ಮೊದಲು ಹುಡುಕುವುದು “ಗೊತ್ತಿಲ್ಲ” ಎಂದವರ ಪ್ರಮಾಣವನ್ನು. ಅದನ್ನು ಕೊಡದೇ ಇದ್ದರೆ ಮುಂದೆ ಓದುವುದಿಲ್ಲ. ಜನಸಾಮಾನ್ಯರಿಗೆ ಇರುವ ರಾಜಕೀಯ ತಿಳಿವಳಿಕೆ ಕಡಿಮೆ ಎಂಬುದನ್ನು ಮುಜುಗರವಿಲ್ಲದೆ ಒಪ್ಪಬೇಕು.

ನ್ಯಾಯಬೆಲೆ ಅಂಗಡಿ

ಮೇಡಂ, ಕೊನೆಯ ಸಾಲನ್ನು ನಾನು ಒಪ್ಪುವುದಿಲ್ಲ. ಅಕ್ಕಿಯ ವಿಷಯ ತೆಗೆದುಕೊಳ್ಳಿ. ಪಡಿತರದ ಐದು ಕೆ.ಜಿ. ಅಕ್ಕಿ ಆಹಾರ ಭದ್ರತಾ ಕಾಯ್ದೆಯಡಿ ಕೇಂದ್ರದ್ದು, 2023ರ ಜನವರಿಯಿಂದ ಪೂರ್ತಿ ಉಚಿತ. ರಾಜ್ಯ ಸರ್ಕಾರ ಅನ್ನಭಾಗ್ಯದಲ್ಲಿ ಇನ್ನೂ ಐದು ಕೆ.ಜಿ. ಕೊಡುತ್ತೇನೆ ಎಂದಿತು. ಆಹಾರ ನಿಗಮದ ಅಕ್ಕಿ ಸಿಗಲಿಲ್ಲ. 2023ರ ಜುಲೈಯಿಂದ ಕೆ.ಜಿ.ಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಖಾತೆಗೆ ಬಂತು. 2025ರ ಫೆಬ್ರುವರಿಯಲ್ಲಿ ದುಡ್ಡಿನ ಬದಲು ಮತ್ತೆ ಅಕ್ಕಿ ಶುರುವಾಯಿತು.

ನಮ್ಮ ಅಂಗಡಿಯ ಸಾಲಿನಲ್ಲಿ ನಿಲ್ಲುವ ಅಜ್ಜಿಯನ್ನು ಕೇಳಿ, ಯಾವ ಐದು ಕೆ.ಜಿ. ಯಾರದ್ದು, ದುಡ್ಡು ಯಾವ ತಿಂಗಳು ಬರಲಿಲ್ಲ, ಯಾರ ಮನೆಯ ಖಾತೆಗೆ ಆಧಾರ್ ಜೋಡಣೆಯಾಗದೆ ನಿಂತಿತು ಎಂದು ಬೆರಳೆಣಿಸಿ ಹೇಳುತ್ತಾರೆ. ಅದೇ ಅಜ್ಜಿಗೆ ಸಮೀಕ್ಷೆಯ ಹುಡುಗ “ಲೋಕಸಭಾಧ್ಯಕ್ಷರು ಯಾರು” ಎಂದು ಕೇಳಿದರೆ ಸೊನ್ನೆ. ಅವರ ರಾಜಕೀಯ ತಿಳಿವಳಿಕೆ ಶೂನ್ಯ ಎಂದು ನಿಮ್ಮ ಕೋಷ್ಟಕದಲ್ಲಿ ಬೀಳುತ್ತದೆ. ಕಾರಿನಲ್ಲಿ ಬಂದು ಟಿ.ವಿ.ಯಲ್ಲಿ ಗ್ಯಾರಂಟಿಗಳ ಬಗ್ಗೆ ಅಭಿಪ್ರಾಯ ಹೇಳುವವರಿಗೆ ಈ 170ರ ಲೆಕ್ಕ ಗೊತ್ತಿದೆಯೇ?

ರಾಜ್ಯಶಾಸ್ತ್ರದ ಉಪನ್ಯಾಸಕಿ, ತುಮಕೂರು

ಅಜ್ಜಿಯ ತಿಳಿವಳಿಕೆಯನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ತನ್ನ ಪಡಿತರ ಚೀಟಿಯ ಬಗ್ಗೆ ಚೆನ್ನಾಗಿ ತಿಳಿದಿರುವವರಿಗೆ ಪಕ್ಕದ ಜಿಲ್ಲೆಯ ಅಣೆಕಟ್ಟಿನ ಬಗ್ಗೆ, ಹಣಕಾಸು ಆಯೋಗದ ಪಾಲಿನ ಬಗ್ಗೆಯೂ ಸಮೀಕ್ಷೆ ಹೌದು–ಇಲ್ಲ ಕೇಳುತ್ತದೆ. ಅಲ್ಲಿ ಆ ಅನುಭವ ಕೈಹಿಡಿಯುವುದಿಲ್ಲ. ಹಾಗಾಗಿ ಪ್ರಶ್ನೆ ಅನುಭವದ ಹತ್ತಿರ ಇದ್ದಷ್ಟೂ ಉತ್ತರಕ್ಕೆ ಬೆಲೆ ಹೆಚ್ಚು ಎನ್ನುತ್ತೇನೆ. “ಆರ್ಥಿಕತೆ ಸುಧಾರಿಸಿದೆಯೇ” ಎಂದರೆ ಪಕ್ಷ ಉತ್ತರಿಸುತ್ತದೆ. “ಕಳೆದ ವರ್ಷಕ್ಕಿಂತ ಮನೆಯ ಖರ್ಚು ತೂಗಿಸುವುದು ಕಷ್ಟವಾಗಿದೆಯೇ” ಎಂದರೆ ಜನ ಉತ್ತರಿಸುತ್ತಾರೆ.

ಷೇರುಪೇಟೆಯಲ್ಲಿ ಕೈ ಸುಟ್ಟುಕೊಂಡವನು, ಹುಬ್ಬಳ್ಳಿ

ಹಾಗಾದರೆ ‘ಈದಿನ’ ಸುದ್ದಿತಾಣದವರ ಸಮೀಕ್ಷೆಯನ್ನು ಏನೆನ್ನುತ್ತೀರಿ? ಸ್ವಯಂಸೇವಕರೇ ಊರೂರು ತಿರುಗಿ, 2023ರಲ್ಲಿ ಮತದಾನಕ್ಕೆ ಮೊದಲೇ ಕಾಂಗ್ರೆಸ್‌ಗೆ 132ರಿಂದ 140 ಎಂದರು, ಕರಾರುವಾಕ್ಕು. ಮರುವರ್ಷ ಲೋಕಸಭೆಗೂ ರಾಜ್ಯದಲ್ಲಿ ಕಾಂಗ್ರೆಸ್ ಮುಂದಿರುತ್ತದೆ ಎಂದರು. 28ರಲ್ಲಿ ಬಂದದ್ದು 9. ಅದೇ ಜನ, ಅದೇ ರಾಜ್ಯ.

ಟ್ಯಾಬ್ ಹಿಡಿದು ತಿರುಗಿದವನು

ಅದೇ ಜನ ಅಲ್ಲ ಸಾರ್. 2023ರಲ್ಲಿ ಬಿಜೆಪಿ, ಜೆಡಿಎಸ್ ಬೇರೆ ಬೇರೆ ನಿಂತಿದ್ದವು, 2024ರಲ್ಲಿ ಕೂಡಿ ನಿಂತವು. ವಿಧಾನಸಭೆಗೆ ಒಬ್ಬರಿಗೆ, ಲೋಕಸಭೆಗೆ ಇನ್ನೊಬ್ಬರಿಗೆ ಹಾಕುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಎರಡು ಬಾರಿ ಸರಿಯಾದವರನ್ನು ಗುರು ಎನ್ನುವುದೂ ಒಂದು ಬಾರಿ ತಪ್ಪಿದವರನ್ನು ಕಳ್ಳ ಎನ್ನುವುದೂ ಒಂದೇ ಚಟ.

ನಿರ್ವಾಹಕ

ಬೇರೆ ಮೂರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಮತಯಂತ್ರದ ಬಗ್ಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ.

ಗಣಿತದ ಮೇಷ್ಟ್ರು, ಸಾಗರ

ಎಲ್ಲರಿಗೂ ವಂದನೆ. ಹಾಗಾದರೆ ನನ್ನ ಬೇಡಿಕೆ ಇಷ್ಟು. ಟಿ.ವಿ.ಯವರು ಸ್ಥಾನಗಳ ಪಟ್ಟಿಯನ್ನು ಆಮೇಲೆ ಹಾಕಲಿ, ಮೊದಲು ಮತಪ್ರಮಾಣ ಹಾಕಲಿ. ಎಷ್ಟು ಬಾಗಿಲು ತಟ್ಟಿದರು, ಎಷ್ಟು ಬಾಗಿಲು ತೆರೆಯಲಿಲ್ಲ, “ಗೊತ್ತಿಲ್ಲ” ಎಂದವರನ್ನು ಯಾವ ಪಕ್ಷಕ್ಕೆ ಹಂಚಿದರು, ಮತದಿಂದ ಸ್ಥಾನಕ್ಕೆ ಯಾವ ಸೂತ್ರ, ಖರ್ಚು ಕೊಟ್ಟವರು ಯಾರು, ಇದನ್ನೆಲ್ಲ ಅದೇ ಸಂಜೆ ಪ್ರಕಟಿಸಲಿ. ಲೆಕ್ಕದ ಉತ್ತರಕ್ಕೆ ಒಂದು ಅಂಕವಾದರೆ, ಬಿಡಿಸಿದ ಕ್ರಮಕ್ಕೆ ನಾನು ನಾಲ್ಕು ಅಂಕ ಕೊಡುತ್ತಿದ್ದೆ.

ಹಾವೇರಿಯವಳು

ಪ್ರಕಟಿಸಲಿ ಮೇಷ್ಟ್ರೇ. ಆದರೆ ಮಾವ ಪಕ್ಕದಲ್ಲಿ ಕುಳಿತಿದ್ದರೇ ಇಲ್ಲವೇ ಎಂಬ ಕಲಮನ್ನೂ ಸೇರಿಸಲು ಹೇಳಿ.

ಟ್ಯಾಬ್ ಹಿಡಿದು ತಿರುಗಿದವನು

ಆ ಕಲಮು ಆಗಲೇ ಇದೆ ಅಕ್ಕಾ. ಸಂದರ್ಶನದ ವೇಳೆ ಬೇರೆಯವರು ಹಾಜರಿದ್ದರೇ ಎಂದು ಕೊನೆಯಲ್ಲಿ ಬರುತ್ತದೆ, ಅದನ್ನು ತುಂಬುವವರು ನಾವು. ಎಲ್ಲರೂ “ಇಲ್ಲ” ಎಂದೇ ಒತ್ತುತ್ತಿದ್ದೆವು. “ಹೌದು” ಎಂದರೆ ಕಚೇರಿಯಿಂದ ಫೋನ್ ಬರುತ್ತಿತ್ತು.